ತಲೆಯೊಳಗಿನ ಹಾಡು, ಮನೆಯೊಳಗಿನ ಹಾಡು

ಒಂದು ನಿಮಿಷ ಈ ಪತ್ರಿಕೆಯನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ಸುತ್ತಲಿನ ಸದ್ದುಗಳನ್ನು ಆಲಿಸಿ ನೋಡಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಅದು ಯಾವ ದಿಕ್ಕಿನಲ್ಲಿದೆ ಎಂಬುದು ನಿಮಗೆ ತಿಳಿಯುತ್ತದೆ. ಸೊಪ್ಪು ಮಾರುವ ಹೆಣ್ಣುಮಗಳು ಬೀದಿಯ ಈ ತುದಿಯಿಂದ ಆ ತುದಿಗೆ ಸಾಗುತ್ತಿರುವುದು ಆಕೆಯ ಕೂಗಿನಿಂದಲೇ ಗೊತ್ತಾಗುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಎದ್ದು ಅತ್ತರೆ ನಿಮ್ಮ ಕತ್ತು ತಾನಾಗಿಯೇ ಅತ್ತ ಹೊರಳುತ್ತದೆ. ಇದನ್ನು ನಮಗೆ ಯಾರೂ ಕಲಿಸಲಿಲ್ಲ. ನಾವು ದಿನವೂ ಬಳಸುತ್ತಿದ್ದರೂ ಒಮ್ಮೆಯೂ ನಿಂತು ಯೋಚಿಸದ ಸಂಪತ್ತುಗಳಲ್ಲಿ ಇದೂ ಒಂದು.

ಈ ಸಂಪತ್ತಿನ ಗುಟ್ಟು ನಮಗಿರುವ ಎರಡು ಕಿವಿಗಳಲ್ಲಿದೆ. ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಬಲಗಿವಿಗೆ ತುಸು ತಡವಾಗಿ ತಲುಪುತ್ತದೆ. ಆ ತಡವೆಷ್ಟೆಂದರೆ, ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದು ಭಾಗದ ಮೂರನೆಯ ಎರಡರಷ್ಟು. ಇದಕ್ಕಿಂತ ಎಷ್ಟೋ ಪಟ್ಟು ಚಿಕ್ಕದಾದ ಅಂತರವನ್ನೂ ನಮ್ಮ ಮಿದುಳು ಗುರುತಿಸಬಲ್ಲದು. ಅದರ ಜೊತೆಗೆ, ತಲೆಯೇ ಅಡ್ಡವಾಗಿ ನಿಂತು ದೂರದ ಕಿವಿಗೆ ಸದ್ದನ್ನು, ವಿಶೇಷವಾಗಿ ಕೀರಲು ಸ್ವರಗಳನ್ನು, ಮಂದಗೊಳಿಸುತ್ತದೆ. ಈ ಎರಡು ಸಂಗತಿಗಳನ್ನು ಒಟ್ಟಾಗಿಸಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1907ರಲ್ಲಿ ವಿವರಿಸಿದರು. ಸದ್ದು ಮುಂದಿನದೋ ಹಿಂದಿನದೋ, ಮೇಲಿನದೋ ಕೆಳಗಿನದೋ ಎಂಬುದನ್ನು ತಿಳಿಸುವುದು ಕಿವಿಯ ಹೊರಹಾಳೆಯ ಮಡಿಕೆಗಳು. ಈ ಮಡಿಕೆಗಳು ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲ. ನಾವು ಕೇಳುವ ಲೋಕವನ್ನು ನಮ್ಮ ನಮ್ಮ ಕಿವಿಯ ಹಾಳೆಗಳೇ ನಮಗಾಗಿ ಬಿಡಿಸಿಕೊಡುತ್ತವೆ ಎಂದರೆ ತಪ್ಪಾಗದು.

ಇಂತಹ ವಿಷಯಗಳು ನನ್ನಂತಹ ನಿವೃತ್ತ ಶಾಲಾ ಮಾಸ್ತರನ ತಲೆಗೆ ಹೊಕ್ಕಿದ್ದು ನನ್ನ ಮಗನಿಂದ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವನಿಗೆ ಸಂಗೀತವೆಂದರೆ ಪ್ರಾಣ. ಕಳೆದ ವರ್ಷ ಕ್ರಿಸ್ಮಸ್ ರಜೆಗೆ ಬಂದಾಗ ಬಟ್ಟೆಯ ಚೀಲಕ್ಕಿಂತ ಹೆಚ್ಚು ಜೋಪಾನವಾಗಿ ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದ. ಅದರೊಳಗೆ ಇದ್ದದ್ದು ಒಂದು ಹೆಡ್‌ಫೋನ್. ಬೆಲೆ ಲಕ್ಷ ರೂಪಾಯಿಯ ಆಸುಪಾಸು. “ಅಪ್ಪಾ, ಬೆಲೆಯನ್ನು ಮಾತ್ರ ಅಮ್ಮನಿಗೆ ಹೇಳಬೇಡಿ” ಎಂದು ಮೊದಲೇ ಕೇಳಿಕೊಂಡ. “ಇದರ ವಿಶೇಷವೇನೆಂದರೆ, ಇದು ಹೆಡ್‌ಫೋನಿನಂತೆ ಕೇಳಿಸುವುದಿಲ್ಲ, ಎದುರಿಗೆ ಎರಡು ಸ್ಪೀಕರ್ ಇಟ್ಟಂತೆ ಕೇಳಿಸುತ್ತದೆ” ಎಂದ. ಸ್ಪೀಕರಿನಂತೆ ಕೇಳಿಸುವುದಕ್ಕೆ ಸ್ಪೀಕರನ್ನೇ ಇಟ್ಟುಕೊಳ್ಳಬಹುದಲ್ಲವೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಮಗೂ ಈಗ ಬಂದಿರಬಹುದು. ಆದರೆ ಅವನು ವಿವರಿಸಿದ ಮೇಲೆ ಈ ವಸ್ತುವಿನ ಹಿಂದೆ ಎಷ್ಟು ಜನರ ಎಷ್ಟು ವರ್ಷಗಳ ದುಡಿಮೆ ಇದೆಯೆಂಬುದು ತಿಳಿದು ಬೆರಗಾದೆ.

ಸ್ಟೀರಿಯೊ ಎಂಬ ಪದವನ್ನು ನಾವೆಲ್ಲರೂ ಕೇಳಿದ್ದೇವೆ. ಲಂಡನ್ನಿನ ಆಲನ್ ಬ್ಲುಮ್ಲೀನ್ ಎಂಬ ತರುಣ ಎಂಜಿನಿಯರ್ 1931ರ ಡಿಸೆಂಬರಿನಲ್ಲಿ ಇದಕ್ಕಾಗಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಚಲನಚಿತ್ರ ನೋಡುವಾಗ ನಟನು ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೂ ಅವನ ಧ್ವನಿ ಮಾತ್ರ ಇದ್ದಲ್ಲೇ ಇರುವುದನ್ನು ಕಂಡು ಅವರು ಈ ಕೆಲಸಕ್ಕೆ ಕೈಹಾಕಿದರೆಂದು ಹೇಳುತ್ತಾರೆ. ಎರಡು ಸ್ಪೀಕರುಗಳನ್ನು ಎಡಕ್ಕೂ ಬಲಕ್ಕೂ ಇಟ್ಟು ನಡುವೆ ಕುಳಿತರೆ, ಗಾಯಕ ಎರಡರ ಮಧ್ಯದಲ್ಲಿ, ಏನೂ ಇಲ್ಲದ ಗೋಡೆಯ ಮುಂದೆ ನಿಂತು ಹಾಡಿದಂತೆ ಭಾಸವಾಗುತ್ತದೆ. ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ರಾಡಾರ್ ಪರೀಕ್ಷೆಗಾಗಿ ಹಾರುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ ಬ್ಲುಮ್ಲೀನ್ ತಮ್ಮ 38ನೆಯ ವಯಸ್ಸಿನಲ್ಲೇ ತೀರಿಕೊಂಡರು. ಸ್ಟೀರಿಯೊ ಧ್ವನಿಮುದ್ರಿಕೆಗಳು ಮನೆಮನೆಗೆ ಬರತೊಡಗಿದ್ದು 1950ರ ದಶಕದ ಕೊನೆಗೆ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಪೀಕರುಗಳ ಮುಂದೆ ಕುಳಿತಾಗ ಎಡ ಸ್ಪೀಕರಿನ ಸದ್ದು ಎಡಗಿವಿಗೆ ಮಾತ್ರವಲ್ಲ, ಬಲಗಿವಿಗೂ ತಲುಪುತ್ತದೆ. ಬಲದ್ದು ಎಡಗಿವಿಗೂ ತಲುಪುತ್ತದೆ. ಗೋಡೆ, ಚಾವಣಿ, ನೆಲಗಳಿಗೆ ತಾಗಿ ಮರಳಿ ಬರುವ ಸದ್ದೂ ಅದರೊಡನೆ ಬೆರೆಯುತ್ತದೆ. ಹೆಡ್‌ಫೋನಿನಲ್ಲಿ ಹಾಗಲ್ಲ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನಡುವೆ ಕೊಡುಕೊಳ್ಳುವಿಕೆಯೇ ಇಲ್ಲ. ತಲೆಯ ನೆರಳಿಲ್ಲ, ಕೋಣೆಯ ಮಾರ್ದನಿಯಿಲ್ಲ, ಕಿವಿಯ ಹಾಳೆಗಳಿಗೆ ಹೆಚ್ಚು ಕೆಲಸವಿಲ್ಲ. ಕತ್ತು ತಿರುಗಿಸಿದರೆ ಇಡೀ ವಾದ್ಯವೃಂದವೇ ನಮ್ಮ ಜೊತೆಗೆ ತಿರುಗುತ್ತದೆ. ಇಂತಹ ಸದ್ದು ಲೋಕದಲ್ಲಿ ಎಲ್ಲಿಯೂ ಇಲ್ಲದ ಕಾರಣ ಮಿದುಳು ಗಲಿಬಿಲಿಗೊಂಡು, ಇದು ಹೊರಗಿನದಲ್ಲ, ಒಳಗಿನದೇ ಇರಬೇಕೆಂದು ತೀರ್ಮಾನಿಸುತ್ತದೆ. ಆದ್ದರಿಂದಲೇ ಸಾಮಾನ್ಯ ಹೆಡ್‌ಫೋನಿನಲ್ಲಿ ಗಾಯಕ ಎದುರಿಗೆ ನಿಲ್ಲುವುದಿಲ್ಲ; ನಮ್ಮ ತಲೆಬುರುಡೆಯ ನಡುವೆ ಕುಳಿತು ಹಾಡುತ್ತಾನೆ.

ಈ ಗಾಯಕನನ್ನು ತಲೆಯಿಂದ ಹೊರಗೆ ತಂದು ಎದುರಿಗೆ ನಿಲ್ಲಿಸುವುದಕ್ಕಾಗಿ ಜಾಣರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಮೆರಿಕದ ಜಾನ್ ಕಾಸ್ 1958ರಲ್ಲಿ ಸ್ಟೀರಿಯೊ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದ ಕೆಲವೇ ವರ್ಷಗಳಲ್ಲಿ, 1961ರಲ್ಲಿ, ಬೆಂಜಮಿನ್ ಬಾವರ್ ಎಂಬುವರು ಎಡದ ಸದ್ದಿನಲ್ಲಿ ತುಸುವನ್ನು ತಡವಾಗಿ, ಮಂದವಾಗಿ ಬಲಕ್ಕೂ, ಬಲದ್ದನ್ನು ಎಡಕ್ಕೂ ಹಾಯಿಸುವ ಉಪಾಯವನ್ನು ಸೂಚಿಸಿದರು. ಇದಕ್ಕೆ ಕ್ರಾಸ್‌ಫೀಡ್ ಎಂದು ಹೆಸರು. 1971ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಅದಕ್ಕೊಂದು ಸರಳ ಸರ್ಕಿಟ್ ಪ್ರಕಟಿಸಿದರು. 1970ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಸ್ಟ್ಯಾಕ್ಸ್ ಕಂಪನಿ ಧ್ವನಿಫಲಕವನ್ನು ಕಿವಿಯ ಪಕ್ಕಕ್ಕೆ ಬದಲಾಗಿ ಮುಂಭಾಗದಲ್ಲಿ ನಿಲ್ಲಿಸಿ, ಪೆಟ್ಟಿಗೆಯಂತಹ ಒಂದು ಹೆಡ್‌ಫೋನನ್ನು ಮಾಡಿತು. ಅದಾದ ಸುಮಾರು ಹತ್ತು ವರ್ಷಗಳಿಗೆ ವಿಯೆನ್ನಾ ನಗರದ ಎಕೆಜಿ ಕಂಪನಿ ತಯಾರಿಸಿದ ಕೆ 1000 ಎಂಬುದು ಕಿವಿಯನ್ನು ಮುಟ್ಟುತ್ತಲೇ ಇರಲಿಲ್ಲ. ಕಿವಿಗಳ ಪಕ್ಕದಲ್ಲಿ ಎರಡು ಪುಟ್ಟ ಬಾಗಿಲುಗಳಂತೆ ತೂಗುತ್ತಿದ್ದ ಅದನ್ನು ಬೇಕಾದಷ್ಟು ತೆರೆದುಕೊಳ್ಳಬಹುದಾಗಿತ್ತು. ಅದನ್ನು ನುಡಿಸಲು ಸ್ಪೀಕರಿಗೆ ಬೇಕಾಗುವಂತಹ ಬಲವಾದ ಆಂಪ್ಲಿಫೈಯರೇ ಬೇಕಾಗುತ್ತಿತ್ತು. 2009ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 800 ಎಂಬುದರಲ್ಲಿ 56 ಮಿಲಿಮೀಟರಿನ ದೊಡ್ಡ ಧ್ವನಿಫಲಕವನ್ನು ಮುಂದಿನಿಂದ ಓರೆಯಾಗಿ ಕೂರಿಸಿತು. ಸದ್ದು ಕಿವಿಯ ಹಾಳೆಗಳ ಮೇಲೆ ಹರಿದು ಒಳಗೆ ಹೋಗಲಿ ಎಂಬುದು ಅದರ ಉದ್ದೇಶ.

ಇನ್ನೂ ಮುಂದೆ ಹೋದವರಿದ್ದಾರೆ. ಸ್ಮಿತ್ ರಿಸರ್ಚ್ ಎಂಬ ಸಂಸ್ಥೆಯ ಯಂತ್ರವೊಂದರಲ್ಲಿ, ನಿಮ್ಮ ಕಿವಿಗಳೊಳಗೆ ಪುಟ್ಟ ಮೈಕುಗಳನ್ನಿಟ್ಟು, ನಿಜವಾದ ಕೋಣೆಯ ನಿಜವಾದ ಸ್ಪೀಕರುಗಳ ಸದ್ದು ನಿಮ್ಮ ಕಿವಿಯಲ್ಲಿ ಹೇಗೆ ಮೂಡುತ್ತದೆಂದು ಅಳೆದು, ಅದನ್ನೇ ಹೆಡ್‌ಫೋನಿನಲ್ಲಿ ಮರುಸೃಷ್ಟಿಸುತ್ತಾರೆ. ನೀವು ಕತ್ತು ತಿರುಗಿಸಿದರೂ ಗಾಯಕ ಇದ್ದಲ್ಲೇ ನಿಲ್ಲುವಂತೆ ತಲೆಯ ಚಲನೆಯನ್ನೂ ಅದು ಗಮನಿಸುತ್ತದೆ. ತಲೆಯ ಚಲನೆಯನ್ನು ಗಮನಿಸುವ ಈ ಗುಣ 2020ರಲ್ಲಿ ಆಪಲ್ ಕಂಪನಿಯ ಪುಟ್ಟ ಇಯರ್‌ಫೋನುಗಳಿಗೂ ಬಂದಿತು.

ಮಗ ತನ್ನ ಹೆಡ್‌ಫೋನನ್ನು ನನ್ನ ತಲೆಗೆ ಏರಿಸಿದ. ಅವನು ಆರಿಸಿದ್ದು ಕೊಳಲು ಮತ್ತು ಪಿಟೀಲಿನ ಜುಗಲ್‌ಬಂದಿ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ವಾದಕರು ನಮ್ಮ ಹಾಲಿನ ಆಚೆ ಗೋಡೆಯವರೆಗೆ ಹೋಗಿ ಕುಳಿತರೆಂದು ನನಗೆ ಅನ್ನಿಸಲಿಲ್ಲ. ಆದರೆ ಅವರು ತಲೆಯೊಳಗಂತೂ ಇರಲಿಲ್ಲ. ಹಣೆಯ ಮುಂದೆ ಒಂದು ಮೊಳ ದೂರದಲ್ಲಿ, ಎಡಕ್ಕೆ ಕೊಳಲು, ಬಲಕ್ಕೆ ಪಿಟೀಲು, ನಡುವೆ ತುಸು ಹಿಂದೆ ಮೃದಂಗ. ಒಂದೊಂದರ ಸುತ್ತಲೂ ಗಾಳಿಯಾಡುವಷ್ಟು ಜಾಗ. ಕೊಳಲು ನುಡಿಸುವವರು ಉಸಿರೆಳೆದುಕೊಳ್ಳುವ ಸದ್ದೂ ಕೇಳಿಸಿತು. ಕೆಲವು ನಿಮಿಷ ನಾನು ಮಾತಾಡಲಿಲ್ಲ. ಮಗನ ಮುಖದಲ್ಲಿ ಗೆದ್ದ ಸಂತೋಷವಿತ್ತು. “ಇನ್ನು ಆ ಹಳೆಯ ಸ್ಪೀಕರುಗಳು ಯಾಕಪ್ಪಾ? ಗುಜರಿಗೆ ಕೊಟ್ಟರೆ ಹಾಲಿನಲ್ಲಿ ಜಾಗವಾಗುತ್ತದೆ. ನಿಮಗೂ ಅಮ್ಮನಿಗೂ ಒಂದೊಂದು ಒಳ್ಳೆಯ ಹೆಡ್‌ಫೋನ್ ತಂದುಕೊಡುತ್ತೇನೆ” ಎಂದ.

ನಮ್ಮ ಷೋಕೇಸಿನ ಎರಡು ಬದಿಗಳಲ್ಲಿರುವ ಆ ಮರದ ಪೆಟ್ಟಿಗೆಗಳು ಕ್ಯಾಸೆಟ್ಟಿನ ಕಾಲದವು. ಅವುಗಳ ಬಟ್ಟೆ ಮಾಸಿದೆ, ಒಂದರ ಮೂಲೆ ಬೆಕ್ಕಿನ ಉಗುರಿಗೆ ಸಿಕ್ಕಿ ಹರಿದಿದೆ. ಮಗನ ಮಾತು ನ್ಯಾಯವೆಂದೇ ನನಗೂ ತೋರಿತು. ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದ ನನ್ನ ಪತ್ನಿಯ ತಲೆಗೆ ಅವನು ಅದೇ ಸಂಗೀತವನ್ನು ಏರಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಸ್ವಲ್ಪ ಹೊತ್ತಿನ ನಂತರ, “ಬಹಳ ಚೆನ್ನಾಗಿದೆ ಮಗಾ. ಆದರೆ ಇದರಲ್ಲಿ ಪಿಟೀಲೂ ಇದೆ ಎಂದೆಯಲ್ಲ, ಅದು ಎಲ್ಲಿ?” ಎಂದು ಕೇಳಿದಳು.

ಓದುಗ ಮಿತ್ರರೇ, ನನ್ನ ಪತ್ನಿಗೆ ಬಲಗಿವಿ ಕೇಳಿಸುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ಮಂಗನಬಾವು ಬಂದು ಹೋದ ಮೇಲೆ ಆ ಕಿವಿ ಮರಳಿ ತೆರೆಯಲೇ ಇಲ್ಲ. ಈ ಕಾಯಿಲೆ ಕೆಲವು ಮಕ್ಕಳಲ್ಲಿ ಹೀಗೆ ಒಂದು ಕಿವಿಯನ್ನು ಕೊಂಡೊಯ್ಯುತ್ತದೆ. ಒಂದು ಕಿವಿಯಲ್ಲೇ ಅವಳು ಓದಿದಳು, ದುಡಿದಳು, ಮಕ್ಕಳನ್ನು ಸಾಕಿದಳು. ಮನೆಯಲ್ಲಿ ನಾವೆಲ್ಲರೂ ಅವಳ ಎಡಕ್ಕೆ ಕುಳಿತುಕೊಳ್ಳುತ್ತೇವೆ. ದಾರಿಯಲ್ಲಿ ಅವಳ ಎಡಕ್ಕೆ ನಡೆಯುತ್ತೇವೆ. ಅದು ಎಷ್ಟು ರೂಢಿಯಾಗಿದೆಯೆಂದರೆ ಹಾಗೆ ಮಾಡುತ್ತಿದ್ದೇವೆಂಬುದೇ ನಮ್ಮ ನೆನಪಿಗೆ ಬರುವುದಿಲ್ಲ. ಹೊಸಬರು ಹಿಂದಿನಿಂದ ಕರೆದರೆ ಮಾತ್ರ ಅವಳು ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ಒಂದು ಕ್ಷಣ ತಡವರಿಸುತ್ತಾಳೆ. ಸದ್ದಿನ ದಿಕ್ಕು ತಿಳಿಯಲು ಎರಡು ಕಿವಿಗಳು ಬೇಕೆಂದು ಆಗಲೇ ಹೇಳಿದೆನಲ್ಲವೇ?

ಜುಗಲ್‌ಬಂದಿಯ ಪಿಟೀಲು ಬಹುಮಟ್ಟಿಗೆ ಬಲಗಡೆಯಲ್ಲಿತ್ತು. ಅಷ್ಟು ಬೆಲೆಬಾಳುವ ಆ ಉಪಕರಣ ಪಿಟೀಲನ್ನು ಬಲಗಿವಿಗೆ ಸರಿಯಾಗಿಯೇ ತಲುಪಿಸಿತ್ತು. ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮಾಸಿದ ಬಟ್ಟೆಯ ನಮ್ಮ ಹಳೆಯ ಸ್ಪೀಕರುಗಳ ಮುಂದೆ ಮಾತ್ರ ಅವಳು ಇಷ್ಟು ವರ್ಷ ಎಲ್ಲ ವಾದ್ಯಗಳನ್ನೂ ಕೇಳಿದ್ದಳು. ಬಲ ಸ್ಪೀಕರಿನ ಸದ್ದು ಕೋಣೆಯನ್ನೆಲ್ಲ ಸುತ್ತಿ, ತಲೆಯನ್ನು ಬಳಸಿ, ಅವಳ ಎಡಗಿವಿಗೆ ಬಂದು ಸೇರುತ್ತಿತ್ತು.

ಇದು ನನ್ನ ಮನೆಯೊಂದರ ಕಥೆಯಲ್ಲ. ಬೀಟಲ್ಸ್ ತಂಡದ 1963ರ ಮೊದಲ ಆಲ್ಬಮ್ಮಿನ ಸ್ಟೀರಿಯೊ ಆವೃತ್ತಿಯಲ್ಲಿ ವಾದ್ಯಗಳು ಬಹುಮಟ್ಟಿಗೆ ಒಂದು ಕಡೆ, ಹಾಡು ಇನ್ನೊಂದು ಕಡೆ ಇವೆ. ಒಂದೇ ಕಿವಿಯುಳ್ಳವರು ಅದನ್ನು ಹೆಡ್‌ಫೋನಿನಲ್ಲಿ ಕೇಳಿದರೆ, ಯಾವ ಕಿವಿ ಎಂಬುದನ್ನು ಅವಲಂಬಿಸಿ, ಹಾಡಿಲ್ಲದ ವಾದ್ಯವೋ ವಾದ್ಯವಿಲ್ಲದ ಹಾಡೋ ಸಿಗುತ್ತದೆ. ಇದಕ್ಕೆ ಪ್ರತಿಯಾಗಿ, 2025ರಲ್ಲಿ ನಿಧನರಾದ ಅಮೆರಿಕದ ಸಂಗೀತಗಾರ ಬ್ರಯಾನ್ ವಿಲ್ಸನ್ ಅವರಿಗೆ ಬಲಗಿವಿ ಬಹುತೇಕ ಕೇಳಿಸುತ್ತಿರಲಿಲ್ಲ. ಅವರು ರೂಪಿಸಿದ ‘ಪೆಟ್ ಸೌಂಡ್ಸ್’ ಎಂಬ ಹೆಸರಾಂತ ಆಲ್ಬಮ್ 1966ರಲ್ಲಿ ಹೊರಬಂದದ್ದು ಎಲ್ಲ ಸದ್ದುಗಳನ್ನೂ ಒಂದರಲ್ಲೇ ಬೆರೆಸಿದ ಮೋನೊ ರೂಪದಲ್ಲಿ. ಒಂದೇ ಕಿವಿಯುಳ್ಳ ಒಬ್ಬರು ಎಲ್ಲ ಕಿವಿಗಳಿಗೂ ಹಂಚಿದ ಊಟ ಅದು.

ಮಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಂತರ ತನ್ನ ಕಂಪ್ಯೂಟರಿನಲ್ಲಿ ಕ್ರಾಸ್‌ಫೀಡ್ ಸೌಲಭ್ಯವನ್ನು ಹಾಕಿ ಮತ್ತೆ ಕೇಳಿಸಿದ. “ದೂರದಲ್ಲಿ ಯಾರೋ ನುಡಿಸುತ್ತಿದ್ದಾರೆ” ಎಂದಳು ಅವಳು. ಕ್ರಾಸ್‌ಫೀಡಿನಲ್ಲಿ ದಾಟಿ ಬರುವ ಪಾಲು ತುಸುವೇ ಅಲ್ಲವೇ? ಕೊನೆಗೆ ಎರಡನ್ನೂ ಒಂದಾಗಿಸಿ ಮೋನೊ ಮಾಡಿದ. “ಈಗ ಬಂತು” ಎಂದು ಅವಳ ಮುಖ ಅರಳಿತು. ಮಗನ ಮುಖವೂ ಅರಳಿತು. ಆದರೆ ಐದು ನಿಮಿಷಗಳಲ್ಲಿ ಅವಳು ಹೆಡ್‌ಫೋನನ್ನು ಮೆಲ್ಲನೆ ತೆಗೆದು ಅವನ ಕೈಗಿತ್ತಳು. “ಪಿಟೀಲು ಸಿಕ್ಕಿತು. ಆದರೆ ನೀವಿಬ್ಬರೂ ಕಳೆದುಹೋದಿರಿ. ಇರುವುದು ಒಂದು ಕಿವಿ. ಅದನ್ನೂ ಮುಚ್ಚಿಕೊಂಡರೆ ನೀವು ಏನು ಮಾತಾಡುತ್ತೀರೆಂದು ನನಗೆ ಹೇಗೆ ತಿಳಿಯಬೇಕು?” ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಸ್ಪೀಕರುಗಳನ್ನು ಗುಜರಿಗೆ ಹಾಕುವ ಮಾತು ಅಲ್ಲಿಗೆ ನಿಂತಿತು. ಮರುದಿನ ಮಗ ಅವುಗಳ ಹಿಂದಿನ ತುಕ್ಕು ಹಿಡಿದ ವೈರುಗಳನ್ನು ಕಿತ್ತು ಹೊಸದನ್ನು ಹಾಕಿಕೊಟ್ಟ.

ಆ ರಾತ್ರಿ ಅವನು ನನಗೆ ಇನ್ನೊಂದು ಸಂಗತಿಯನ್ನು ಹೇಳಿದ. 1979ರ ಜುಲೈನಲ್ಲಿ ಜಪಾನಿನ ಸೋನಿ ಕಂಪನಿ ಮೊದಲ ವಾಕ್‌ಮನ್ನನ್ನು ಮಾರಾಟಕ್ಕಿಟ್ಟಾಗ ಅದರಲ್ಲಿ ಎರಡು ಹೆಡ್‌ಫೋನ್ ಸಿಕ್ಕಿಸುವ ಎರಡು ರಂಧ್ರಗಳಿದ್ದವಂತೆ. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ. ಅದನ್ನು ಒತ್ತಿದರೆ ಸಂಗೀತ ತಗ್ಗಿ, ಕೇಳುತ್ತಿರುವ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಬಹುದಾಗಿತ್ತು. ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಪರೀಕ್ಷೆಗೆಂದು ಅದನ್ನು ಮನೆಗೆ ಒಯ್ದಾಗ ತಾವು ಹೊರಗುಳಿದೆವೆಂದು ಅವರ ಪತ್ನಿಗೆ ಬೇಸರವಾಯಿತೆಂದೂ, ಒಬ್ಬರೇ ಸಂಗೀತ ಕೇಳುತ್ತ ಕೂರುವುದು ಜೊತೆಯಲ್ಲಿರುವವರಿಗೆ ತೋರುವ ಅಗೌರವವೆಂದು ತಮಗೆ ಅನ್ನಿಸಿತೆಂದೂ ಮೊರಿಟಾ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಕೊಂಡವರು ಹಂಚಿಕೊಳ್ಳುವುದಕ್ಕಿಂತ ತಮ್ಮದೇ ಒಂದು ಯಂತ್ರವಿರಲೆಂದು ಬಯಸಿದರು. ಮುಂದಿನ ವರ್ಷಗಳಲ್ಲಿ ಆ ಕಿತ್ತಳೆ ಗುಂಡಿ ಕಾಣೆಯಾಯಿತು.

ಹಾಗೆಂದು ಹೆಡ್‌ಫೋನುಗಳನ್ನು ದೂರುವ ಮನಸ್ಸು ನನಗಿಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಮೂವರು ಗೆಳೆಯರೊಂದಿಗೆ ಬದುಕುವ ತರುಣನಿಗೆ ಅದು ಪರರ ನಿದ್ದೆ ಕೆಡಿಸದೆ ಸಂಗೀತ ಕೇಳುವ ಸಭ್ಯ ದಾರಿ. ಗದ್ದಲದ ಬಸ್ಸಿನಲ್ಲಿ ಪಾಠ ಕೇಳುವ ವಿದ್ಯಾರ್ಥಿನಿಗೆ ಅದೊಂದು ಆಸರೆ. ಕೊಳಲಿನವರ ಉಸಿರನ್ನು ನನಗೆ ಕೇಳಿಸಿದ್ದೂ ಅದೇ. ಸ್ಪೀಕರಿನಂತೆ ಕೇಳಿಸಬೇಕೆಂದು ಇಷ್ಟು ಜನ ಇಷ್ಟು ವರ್ಷ ಹೆಣಗಿದರೆಂದರೆ, ಮನುಷ್ಯನಿಗೆ ತಲೆಯೊಳಗೆ ಮುಚ್ಚಿಟ್ಟ ಹಾಡು ಸಾಲದು, ತನ್ನ ಎದುರಿನಲ್ಲಿ ಒಂದು ಬಯಲು ಬೇಕು ಎಂದಲ್ಲವೇ? ಆ ಬಯಲನ್ನು ಅವರು ಬಹುಮಟ್ಟಿಗೆ ಕಟ್ಟಿಯೂ ಕೊಟ್ಟಿದ್ದಾರೆ. ಆದರೆ ಸ್ಪೀಕರಿನ ಮುಂದಿನ ಬಯಲಿನಲ್ಲಿ ಪಕ್ಕದವರಿಗೂ ಒಂದು ಚಾಪೆ ಇರುತ್ತದೆ. ಅಲ್ಲಿ ಹಾಡು ನಡೆಯುತ್ತಿರುವಾಗಲೇ “ಕಾಫಿ ಬೇಕೇ?” ಎಂದು ಕೇಳಬಹುದು, “ಈ ಹಾಡು ನಮ್ಮ ಮದುವೆಯ ವರ್ಷ ಬಂದದ್ದು” ಎಂದು ನೆನಪಿಸಬಹುದು. ಇದನ್ನು ಅಳೆಯುವ ಮೈಕು ಯಾವ ಕಿವಿಯೊಳಗೂ ಕೂರಲಾರದು.

ಆದ್ದರಿಂದ ನಿಮ್ಮಲ್ಲಿ ಕೆಲವು ಚಿಕ್ಕ ಬಿನ್ನಹಗಳು. ನಿಮ್ಮ ಮನೆಯಲ್ಲಿ ಒಂದು ಕಿವಿ ಮಂದವಾಗಿರುವ ಅಜ್ಜಿಯೋ ಚಿಕ್ಕಪ್ಪನೋ ಇದ್ದರೆ ಅವರ ಮೊಬೈಲನ್ನು ತೆಗೆದುಕೊಂಡು ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಭಾಗವನ್ನು ಹುಡುಕಿ. ಈಗಿನ ಬಹುತೇಕ ಫೋನುಗಳಲ್ಲಿ ಅಲ್ಲಿ ಮೋನೊ ಆಡಿಯೊ ಎಂಬ ಆಯ್ಕೆ ಇರುತ್ತದೆ. ಅದನ್ನು ಒಮ್ಮೆ ಒತ್ತಿದರೆ ಸಾಕು, ಅವರು ಇಷ್ಟು ದಿನ ಕಳೆದುಕೊಂಡ ಅರ್ಧ ಹಾಡು ಮರಳಿ ಬರುತ್ತದೆ. ಅರ್ಧ ಹೋಗಿದೆಯೆಂಬುದು ಅವರಿಗೇ ತಿಳಿದಿರುವುದಿಲ್ಲ. ಇಲ್ಲದ ಪಿಟೀಲನ್ನು ಯಾರು ತಾನೇ ಹುಡುಕುತ್ತಾರೆ? ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿದಂತಾದರೆ ನೆಗಡಿಯಿರಬೇಕೆಂದು ತಾತ್ಸಾರ ಮಾಡದೆ ಅಂದೇ ಅಥವಾ ಮರುದಿನವೇ ಕಿವಿಯ ವೈದ್ಯರ ಬಳಿಗೆ ಕರೆದೊಯ್ಯಿರಿ. ತಡವಾದಷ್ಟೂ ಮರಳುವ ಆಸೆ ಕಡಿಮೆ.

ಇಯರ್‌ಫೋನ್ ಕಿವಿಗೆ ತುರುಕಿಕೊಂಡೇ ಮಲಗುವ ಮಕ್ಕಳಿಗೆ ಗದರುವ ಬದಲು ಲೆಕ್ಕ ಹೇಳಿಕೊಡಿ. ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮಕ್ಕಳಿಗೆ ಅದು 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕಿಳಿಯುತ್ತದೆ. ದೊಡ್ಡವರ ಲೆಕ್ಕದಲ್ಲೇ 90 ಡೆಸಿಬಲ್ಲಿಗೆ ವಾರಕ್ಕೆ ಉಳಿಯುವುದು ಸುಮಾರು 4 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕೊನೆಯದಾಗಿ, ವಾರದಲ್ಲಿ ಒಂದು ಸಂಜೆಯನ್ನಾದರೂ ಮನೆಯ ಸ್ಪೀಕರಿಗೆ ಬಿಟ್ಟುಕೊಡಿ. ಅದು ದುಬಾರಿಯದಾಗಿರಬೇಕೆಂದಿಲ್ಲ, ಹಳೆಯ ರೇಡಿಯೊ ಆದರೂ ಆದೀತು. ಒಬ್ಬರ ಹಾಡು ಇನ್ನೊಬ್ಬರಿಗೆ ಹಿಡಿಸದೆ ಸಣ್ಣ ಜಗಳವಾದೀತು, ಆಗಲಿ. ಅಜ್ಜನ ಹಾಡಿಗೆ ಮೊಮ್ಮಗಳು ಮುಖ ಸಿಂಡರಿಸಿದರೂ ಇಪ್ಪತ್ತು ವರ್ಷಗಳ ನಂತರ ಎಲ್ಲೋ ದೂರದ ಊರಿನಲ್ಲಿ ಆ ಹಾಡು ಕೇಳಿಬಂದಾಗ ಅವಳು ಒಂದು ಕ್ಷಣ ನಿಲ್ಲುತ್ತಾಳೆ. ನಿಮ್ಮ ಪಕ್ಕದಲ್ಲಿ ಯಾರು ಕುಳಿತಿದ್ದಾರೆ, ಅವರಿಗೆ ಯಾವ ಕಡೆಯ ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ನೋಡಿಕೊಂಡು, ಆ ಕಡೆಗೆ ನಿಮ್ಮ ಕುರ್ಚಿಯನ್ನು ತುಸು ಸರಿಸಿಕೊಳ್ಳಿ.